ಯಾರೂ ತನ್ನದೆನ್ನದ ಪದ

ಅವರು ತೀರಿಕೊಂಡ ವಾರ ಇಂಟರ್‌ನೆಟ್ಟಿನ ಆ ಚರ್ಚಾ ಗುಂಪಿನಲ್ಲಿ ಬಂದ ಶ್ರದ್ಧಾಂಜಲಿಗಳನ್ನು ಓದಿ ನನಗೆ ಅಳು ಬರಲಿಲ್ಲ, ಮೈ ಉರಿಯಿತು. 'ನಮ್ಮ ಗುಂಪಿನ ಹಿರಿಯ ಚೇತನ' ಎಂದು ಒಬ್ಬ ಬರೆದಿದ್ದ. ಇದೇ ಮಹಾಶಯ ಹಿಂದೊಮ್ಮೆ 'ಈ ಮಾಸ್ತರರನ್ನು ಗುಂಪಿನಿಂದ ತೆಗೆಯಿರಿ, ಯಾವಾಗಲೂ ಒಂದೇ ರಾಗ' ಎಂದು ಬರೆದಿದ್ದ. ಇನ್ನೊಬ್ಬನ ಪ್ರಕಾರ ಅವರು 'ಜನಪದರ ಹಕ್ಕಿಗಾಗಿ ಹೋರಾಡಿದ ಧೀಮಂತ'. ಹೋರಾಡುವಾಗ ನೀನೆಲ್ಲಿದ್ದೆಯಪ್ಪಾ? ಬದುಕಿದ್ದಾಗ ತಲೆನೋವು, ಸತ್ತ ಮೇಲೆ ಚೇತನ. ನನಗೆ ಇಂಥ ಬರಹ ಬರೆದು ರೂಢಿಯಿಲ್ಲ, ಆದರೆ ಅವರ ಬಗ್ಗೆ ಕೊನೆಯ ಮಾತು ಈ ಜನರದಾಗುವುದು ನನಗೆ ಬೇಡ.

ಬೈಲಹೊಂಗಲದ ನಮ್ಮ ಕಾಲೇಜಿನಲ್ಲಿ ಅವರು ಬಿ.ಕಾಂ. ಹುಡುಗರಿಗೆ ವಾಣಿಜ್ಯ ಕಾನೂನು ಕಲಿಸುತ್ತಿದ್ದರು, ನಾನು ಕನ್ನಡ. ಸ್ಟಾಫ್ ರೂಮಿನಲ್ಲಿ ನಮ್ಮದು ಎದುರುಬದುರು ಕುರ್ಚಿ. ಸೌಮ್ಯ ಸ್ವಭಾವದವರು, ಮಿತಭಾಷಿ ಎಂದೆಲ್ಲ ಬರೆದರೆ ಅವರೇ ಎದ್ದು ಬಂದು ನನ್ನ ಪೆನ್ನು ಕಸಿದುಕೊಂಡಾರು. ಅವರು ಜಗಳಗಂಟರು. ಚಹಾಕ್ಕೆ ಸಕ್ಕರೆ ಹೆಚ್ಚಾದರೆ ಜಗಳ, ಶನಿವಾರದ ಕೊನೆಯ ಪೀರಿಯಡ್ ಕೊಟ್ಟರೆ ಜಗಳ, ಕಂಡಕ್ಟರ್ ಚಿಲ್ಲರೆ ಕೊಡದೆ ಟಿಕೆಟ್ಟಿನ ಹಿಂದೆ ಗೀಚಿ ಕೊಟ್ಟರೆ ಜಗಳ. ಮಾತು ಏರಿದಂತೆ ಅಂಗಿಯ ಬಲತೋಳನ್ನು ಮಡಚುತ್ತ ಹೋಗುವರು. ಎಡತೋಳು ಮಾತ್ರ ಗುಂಡಿ ಹಾಕಿದಂತೆಯೇ ಇರುತ್ತಿತ್ತು. ಮಡಿಕೆ ಮೊಣಕೈ ದಾಟಿತೆಂದರೆ ಪ್ರಿನ್ಸಿಪಾಲರೂ ಫೈಲು ಹಿಡಿದು ಹೊರಗೆ ನಡೆಯುವರು.

ಆದರೆ ಕಾನೂನೆಂದರೆ ಅವರಿಗೆ ದೇವರು. ತೊಂಬತ್ತರ ದಶಕದ ಮೊದಲಿಗೆ ನಮ್ಮ ಹುಡುಗರೆಲ್ಲ ಗೈಡುಗಳನ್ನು ಝರಾಕ್ಸ್ ಮಾಡಿಸಿ ಓದುತ್ತಿದ್ದರು. ಅಂಥದೊಂದು ಯಾರ ಕೈಯಲ್ಲಾದರೂ ಕಂಡರೆ ಇವರು ಅಲ್ಲೇ ಹರಿದು ಹಾಕುವರು. ಬರೆದವನು ಉಪವಾಸ ಇರಬೇಕು, ನೀವು ಅವನ ಬೆವರು ಕದ್ದು ಪಾಸಾಗಬೇಕು ಎಂದು ಇಡೀ ವರಾಂಡಕ್ಕೆ ಕೇಳುವಂತೆ ಬೈಯುವರು. ಬಜಾರದಲ್ಲಿ ಸಿನಿಮಾ ಹಾಡುಗಳನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿ ಕೊಡುವ ಅಂಗಡಿಯೊಂದಿತ್ತು. ಅದರ ಮುಂದೆ ನಿಂತು ಅಂಗಡಿಯವನಿಗೆ ಕಾಪಿರೈಟ್ ಕಾಯ್ದೆಯ ಪಾಠ ಮಾಡಿ, ಅವನು ಕಿವಿಯ ಮೇಲೆ ಹಾಕಿಕೊಳ್ಳದಿದ್ದಾಗ ಪೊಲೀಸ್ ಠಾಣೆಗೂ ಹೋಗಿ ಬಂದಿದ್ದರು. ಆಗ ನಾನೂ ನಕ್ಕಿದ್ದೆ. ಇಂಥ ಭಕ್ತನಿಗೆ ಆ ದೇವರು ಏನು ಕೊಟ್ಟಿತು ಎಂಬುದನ್ನು ನೆನೆದರೆ ಈಗ ನಗು ಬರುವುದಿಲ್ಲ.

ಅವರ ಊರು ರಾಮದುರ್ಗ ತಾಲೂಕಿನ ಸುರೇಬಾನ. ತಾಯಿ ಅಲ್ಲಿಯೇ, ದೊಡ್ಡ ಮಗನ ಮನೆಯಲ್ಲಿ ಇದ್ದಳು. ಊರಿಗೆಲ್ಲ ಆಕೆ ಅವ್ವ, ನನಗೂ ಅವ್ವ; ಪಾಠ ಕಲಿಸುವ ಹೆಂಗಸೆಂದು ಆಕೆಗೆ ನಾನು ಅಕ್ಕೋರು. ಹಾಡುವ ಹೆಂಗಸು. ಬೀಸುವಾಗಿನ ಪದ, ಸೋಬಾನೆ, ತೊಟ್ಟಿಲ ಪದ, ಸತ್ತವರ ಮುಂದೆ ಕೂತು ಹಾಡಿ ಅಳುವ ಪದ, ಯಾವುದನ್ನು ಕೇಳಿದರೂ ಬಾಯಲ್ಲಿ ಸಿದ್ಧ. ಆ ಕಡೆಯ ಹಾಡುವ ಹೆಂಗಸರಲ್ಲಿ ಒಂದು ಪದ್ಧತಿ ಇದೆ. ಪದ ಎತ್ತುವ ಮುನ್ನ ಅದು ಯಾರದೆಂದು ಹೇಳಬೇಕು. ಕಲಿಸಿದವರ ಹೆಸರು ತೆಗೆದುಕೊಂಡೇ ಬಾಯಿ ತೆರೆಯಬೇಕು. ತಾನೇ ಕಟ್ಟಿದ್ದಾದರೂ ತನ್ನದೆನ್ನುವಂತಿಲ್ಲ, ಮೊದಲು ತನ್ನ ಬಾಯಿಗೆ ಪದ ಹಾಕಿದವಳ ಹೆಸರಿಗೇ ಅದನ್ನು ಒಪ್ಪಿಸಬೇಕು. ನಂದು ಎಂದವಳ ನಾಲಿಗೆಯಿಂದ ಪದ ಎದ್ದು ಹೋಗುತ್ತದೆ ಎಂಬ ಭಯ. ಅವ್ವನಿಗೆ ಹುಡುಗಿಯಾಗಿದ್ದಾಗ ಪದ ಕಲಿಸಿದವಳು ಸಿರಸಂಗಿಯ ಗಂಗವ್ವ. ಹಾಗಾಗಿ ಅವ್ವನ ಪದಗಳೆಲ್ಲ ಗಂಗವ್ವನವೇ.

ಅವುಗಳಲ್ಲಿ ಒಂದು ತೊಟ್ಟಿಲ ಪದ ಅವ್ವ ತಾನೇ ಕಟ್ಟಿದ್ದು. ಈ ನಮ್ಮ ಸರ್ ಕೂಸಿದ್ದಾಗ ಜ್ವರ ಬಂದು ಉಳಿಯುವುದೇ ಅನುಮಾನವಾಗಿತ್ತಂತೆ. ತೊಟ್ಟಿಲು ಬಿಟ್ಟೇಳದೆ ಕೂತ ಆ ದಿನಗಳಲ್ಲಿ ಹುಟ್ಟಿದ ಪದ. ಸುರೇಬಾನಕ್ಕೆ ಸುರೇಬಾನವೇ ಇದನ್ನು ಬಲ್ಲದು. ಆದರೂ ಹಾಡುವ ಮುನ್ನ ಅವ್ವ ಗಂಗವ್ವನ ಹೆಸರನ್ನೇ ತೆಗೆದುಕೊಳ್ಳುವಳು, ಕೇಳುವವರು ತಲೆಯಾಡಿಸುವರು.

ತೊಂಬತ್ತರ ದಶಕದ ನಡುವೆ ಒಂದು ಕ್ಯಾಸೆಟ್ ಕಂಪನಿ ರಾಮದುರ್ಗಕ್ಕೆ ಬಂತು. ಜನಪದ ಗೀತೆಗಳನ್ನು ಧ್ವನಿಮುದ್ರಿಸುತ್ತೇವೆ, ಹಾಡುವವರನ್ನು ಕಳಿಸಿರಿ ಎಂದು ಸುತ್ತಲಿನ ಹಳ್ಳಿಗಳಿಗೆಲ್ಲ ಹೇಳಿ ಕಳಿಸಿತು. ಅವ್ವನಿಗೆ ಮನಸ್ಸಿರಲಿಲ್ಲ. ಒತ್ತಾಯ ಮಾಡಿ ಬಸ್ಸು ಹತ್ತಿಸಿದವರು ಇವರೇ. ಬಾಯಿಂದ ಬಾಯಿಗೆ ಹೋಗುವ ಪದಕ್ಕೆ ಕಾನೂನಿನ ರಕ್ಷಣೆ ಇಲ್ಲ, ಒಮ್ಮೆ ಕ್ಯಾಸೆಟ್ ಆಯಿತೆಂದರೆ ಯಾರೂ ಕದಿಯುವಂತಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ನಮಗೆಲ್ಲ ಪೇಢಾ ಹಂಚಿ ಹೇಳಿದ್ದರು. ಯಾರೂ ಕದಿಯುವಂತಿಲ್ಲವಂತೆ!

ಕಲ್ಯಾಣ ಮಂಟಪವೊಂದರ ಕೋಣೆಯಲ್ಲಿ ರೆಕಾರ್ಡಿಂಗ್ ನಡೆಯಿತು. ಕಂಪನಿಯವನು ಟೇಪು ಓಡುತ್ತಿರುವಾಗಲೇ ಪ್ರತಿ ಹಾಡಿಗೂ ಮೊದಲು ಒಂದೇ ಪ್ರಶ್ನೆ ಕೇಳಿದ: ಈ ಹಾಡು ನಿಮ್ಮದೇನಮ್ಮಾ? ಅವ್ವ ತನ್ನ ಪದ್ಧತಿಯಂತೆ, ಆ ತೊಟ್ಟಿಲ ಪದಕ್ಕೂ, ಹೇಳಿದಳು: "ನಂದಲ್ಲರಿ, ಸಿರಸಂಗಿ ಗಂಗವ್ವಂದು."

ಕ್ಯಾಸೆಟ್ ಬಂತು. ಗಂಗವ್ವನ ಹೆಸರು ತೆಗೆದುಕೊಂಡ ಮಾತನ್ನು ಕತ್ತರಿಸಿ ಹಾಕಿ, ಹಿಂದೆ ಕೀಬೋರ್ಡು ತಬಲಾ ತುಂಬಿದ್ದರು. ಡಬ್ಬಿಯ ಮೇಲೆ ಸಾಹಿತ್ಯ ಎಂಬಲ್ಲಿ ಕಂಪನಿಯವನೇ ಒಬ್ಬನ ಹೆಸರು. ಇವರು ಪತ್ರ ಬರೆದರು, ಮತ್ತೆ ಬರೆದರು, ರಿಜಿಸ್ಟರ್ ಎ.ಡಿ. ಮಾಡಿ ಬರೆದರು. ಕೊನೆಗೆ ಬಂದ ಉತ್ತರವನ್ನು ಸ್ಟಾಫ್ ರೂಮಿನಲ್ಲಿ ನಮಗೆ ಓದಿ ಹೇಳುವಾಗ ಅವರ ತೋಳು ಮಡಚಿರಲಿಲ್ಲ. ಹಾಡು ತನ್ನದಲ್ಲವೆಂದು ನಿಮ್ಮ ತಾಯಿಯೇ ಹೇಳಿದ ಧ್ವನಿ ನಮ್ಮ ಬಳಿ ಇದೆ, ಗಂಗವ್ವ ಎಂಬವರ ವಾರಸುದಾರರು ಬಂದರೆ ವಿಚಾರ ಮಾಡೋಣ ಎಂದಿತ್ತು ಕಾಗದ. ಹಿರಿಯರಿಗೆ ಮಾಡಿದ ನಮಸ್ಕಾರವನ್ನು ತಪ್ಪೊಪ್ಪಿಗೆ ಮಾಡಿಕೊಂಡಿದ್ದರು ಕಟುಕರು.

ಅವರು ಬಿಡುವ ಆಸಾಮಿಯಲ್ಲ. ಭಾನುವಾರ ಸವದತ್ತಿಗೆ ಹೋಗಿ, ಅಲ್ಲಿಂದ ಸಿರಸಂಗಿ ಬಸ್ಸು ಹಿಡಿದು ಗಂಗವ್ವನ ಮನೆ ಹುಡುಕಿದರು. ಗಂಗವ್ವ ಹೋಗಿ ಬಹಳ ಕಾಲವಾಗಿತ್ತು. ಮೊಮ್ಮಗಳು ಇವರಿಗೆ ಚಹಾ ಕೊಟ್ಟು, ಹಾಡನ್ನು ಪೂರ್ತಿ ಕೇಳಿ, ಇದು ನಮ್ಮಾಯಿಯ ಪದ ಅಲ್ಲವೇ ಅಲ್ಲ, ನಿಮ್ಮವ್ವಂದು, ಇನ್ನೊಬ್ಬರ ಪದ ನಮ್ಮದೆನ್ನಲು ನಮಗೇನು ಬಂದಿದೆ ಎಂದುಬಿಟ್ಟಳಂತೆ. ಅವ್ವ ಗಂಗವ್ವನದೆನ್ನುತ್ತಾಳೆ, ಗಂಗವ್ವನ ಮನೆಯವರು ಅವ್ವನದೆನ್ನುತ್ತಾರೆ. ಭೂಮಿಯ ಮೇಲೆ ಆ ಪದವನ್ನು ನನ್ನದು ಎಂದವರು ಒಬ್ಬರೇ, ಅದನ್ನು ಕಟ್ಟದೇ ಇದ್ದವರು.

ಅಷ್ಟರಲ್ಲಿ ಆ ಸಣ್ಣ ಕಂಪನಿಯನ್ನು ದೊಡ್ಡದೊಂದು ಕಂಪನಿ ನುಂಗಿತು. ಅದರ ಕಪಾಟಿನ ಟೇಪುಗಳ ಜೊತೆ ಅವ್ವನ ಪದವೂ ಆ ಹೊಟ್ಟೆಗೆ ಹೋಯಿತು. ಎರಡು ಸಾವಿರದ ನಂತರ ಬೈಲಹೊಂಗಲಕ್ಕೂ ಇಂಟರ್‌ನೆಟ್ ಬಂತು, ಬಸ್‌ಸ್ಟ್ಯಾಂಡಿನ ಹತ್ತಿರ ಸೈಬರ್ ಕೆಫೆ ತೆರೆಯಿತು. ಹಾಡು, ವಿಡಿಯೋಗಳನ್ನು ಯಾರು ಬೇಕಾದರೂ ಹಾಕಬಹುದಾದ ಜಾಲತಾಣಗಳೂ ಬಂದವು. ಇವರು ಟೇಪ್ ರೆಕಾರ್ಡರ್ ಹಿಡಿದು ಸುರೇಬಾನಕ್ಕೆ ಹೋಗಿ, ಅವ್ವನ ಬಾಯಿಂದ ಆ ಪದವನ್ನು ಗಂಗವ್ವನ ಹೆಸರಿನ ಸಮೇತ ಹಾಡಿಸಿಕೊಂಡು ಬಂದು ಅಂಥ ಒಂದು ತಾಣದಲ್ಲಿ ಹಾಕಿದರು. ವಾರ ತುಂಬುವುದರೊಳಗೆ ದೊಡ್ಡ ಕಂಪನಿಯ ಆಕ್ಷೇಪದಿಂದ ಅದು ಮಾಯ. ಇನ್ನೊಬ್ಬರ ಸ್ವತ್ತನ್ನು ಅನುಮತಿಯಿಲ್ಲದೆ ಹಾಕಿದ್ದೀರಿ, ಮತ್ತೆ ಹೀಗೆ ಮಾಡಿದರೆ ಖಾತೆ ಮುಚ್ಚಲಾಗುವುದು ಎಂಬ ಎಚ್ಚರಿಕೆ ಬಂತು. ಈ ಮನುಷ್ಯ ಅದನ್ನು ಅವ್ವನಿಗೆ ಹೇಳಬಾರದಿತ್ತು. ಹೇಳಿದರು. ಅವ್ವ ಕೇಳಿದ್ದು ಒಂದೇ ಮಾತು: "ನಾ ಕಳವು ಮಾಡೇನೇನೋ ತಮ್ಮಾ?"

ಆ ಮಾತು ಅವರೊಳಗೆ ಹೊಕ್ಕು ಕೂತಿತು. ಎಲ್ಲರೆದುರು ಅವ್ವನ ಮೇಲಿನ ಆ ಕಳ್ಳಿ ಎಂಬ ಹೆಸರು ಅಳಿಯಬೇಕು, ಅವರಿಗೆ ಬೇಕಾದದ್ದು ಅಷ್ಟೇ. ದುಡ್ಡಿನ ಮಾತನ್ನು ಅವರು ಎಂದೂ ಎತ್ತಲಿಲ್ಲ. ಅದಕ್ಕಾಗಿಯೇ ಆ ಚರ್ಚಾ ಗುಂಪು ಸೇರಿದರು. ತಂತ್ರಜ್ಞಾನ, ಕಾಪಿರೈಟು, ಕಂಪನಿಗಳ ದರ್ಬಾರು, ಸರಕಾರದ ನಿಯಮಗಳ ಬಗ್ಗೆ ಕನ್ನಡಿಗರು ವಾದ ಮಾಡುವ ಗುಂಪು ಅದು. ದೇಶ ವಿದೇಶದವರೆಲ್ಲ ಇದ್ದರು. ಇವರು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಅದೂ ಎಲ್ಲ ದೊಡ್ಡ ಅಕ್ಷರಗಳಲ್ಲಿ, ಒಂದೇ ಬೆರಳಿನಿಂದ ಕುಟ್ಟುತ್ತಿದ್ದರು. ಯಾರೋ ತಿದ್ದಿದರು, ಇಲ್ಲಿ ದೊಡ್ಡ ಅಕ್ಷರದಲ್ಲಿ ಬರೆದರೆ ಕಿರುಚಿದ ಹಾಗೆ, ದಯವಿಟ್ಟು ಶಿಷ್ಟಾಚಾರ ಕಲಿಯಿರಿ ಎಂದು. ಇವರ ಉತ್ತರ ಕೆಫೆಯಲ್ಲಿ ಪಕ್ಕದಲ್ಲಿ ಕೂತು ನಾನೇ ಓದಿದ್ದೇನೆ: "ಹೌದರಿ, ಒದರಾಕತ್ತೇನಿ. ಕಿವಿ ಇದ್ದವರಿಗೆ ಕೇಳ್ಲಿ ಅಂತನ ಒದರಾಕತ್ತೇನಿ."

ಕಿವಿ ಇದ್ದವರು ಅಲ್ಲಿ ಯಾರೂ ಇರಲಿಲ್ಲ. ಗುಂಪು ಎರಡು ಪಾಳಯ. ಒಂದು ಪಾಳಯದವರು ಕಾನೂನೆಂದರೆ ಕಾನೂನು ಎನ್ನುವವರು. ನಿಮ್ಮ ತಾಯಿಯೇ ತನ್ನದಲ್ಲ ಎಂದ ಮೇಲೆ ಕೇಸು ಮುಗಿಯಿತು, ಭಾವನೆಗಳಿಗೆ ಕೋರ್ಟಿನಲ್ಲಿ ಬೆಲೆಯಿಲ್ಲ ಎಂದರು. ಇನ್ನೊಂದು ಪಾಳಯದವರು ಮಹಾ ಕ್ರಾಂತಿಕಾರಿಗಳು. ಹಾಡು ಗಾಳಿಯಿದ್ದಂತೆ, ಅದಕ್ಕೆ ಮಾಲೀಕರೇ ಇರಬಾರದು, ನೀವೂ ಒಡೆತನದ ಮಾತಾಡಿದರೆ ಕಂಪನಿಗೂ ನಿಮಗೂ ಏನು ವ್ಯತ್ಯಾಸ ಎಂದು ಕೇಳಿದರು. ಆಹಾ, ಏನು ನ್ಯಾಯ! ಕದ್ದವನ ಮನೆಯ ಬಾಗಿಲು ತಟ್ಟುವ ಧೈರ್ಯವಿಲ್ಲ, ಕಳಕೊಂಡವಳಿಗೆ ವೈರಾಗ್ಯ ಬೋಧಿಸಲು ಮುಂದೆ. ಅವರ ವಾದ ತಿಂಗಳುಗಟ್ಟಲೆ ನಡೆಯಿತು. ಅವ್ವನ ಪದ ಅವರಿಗೆ ಒಳ್ಳೆಯ ಉದಾಹರಣೆಯಾಯಿತು. ಅವ್ವ ಹೇಗಿದ್ದಾಳೆ ಎಂದು ಒಬ್ಬನಾದರೂ ಕೇಳಲಿಲ್ಲ.

ಝರಾಕ್ಸ್ ಹರಿದ ಕಥೆಯನ್ನೂ ಅಲ್ಲಿಗೆ ಎಳೆದು ತಂದರು. ಗುಂಪಿನಲ್ಲಿದ್ದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ, ನಮ್ಮ ಗೈಡು ಹರಿದ ಸರ್‌ಗೆ ಈಗ ಕಾಯ್ದೆ ಕಹಿಯಾಯಿತೇ ಎಂದು ನಗುಮುಖದ ಚಿತ್ರ ಹಚ್ಚಿ ಬರೆದ. ಅದನ್ನೋದಿ ಇವರು ಕೆಫೆಯಿಂದ ಎದ್ದು ಹೊರಗೆ ಬಂದು ರಸ್ತೆಯ ಬದಿ ನಿಂತರು. ಆ ಹುಡುಗ ಹೇಳಿದ್ದರಲ್ಲಿ ತಪ್ಪೇನಿದೆ, ಕಾಯ್ದೆ ಬಡವನ ಬೆವರು ಕಾಯುತ್ತದೆ ಎಂದು ಇಷ್ಟು ವರ್ಷ ನಾನೇ ಕಲಿಸಿದೆನಲ್ಲ ಎಂದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಮರುದಿನದಿಂದ ಮತ್ತೆ ಅದೇ ಕೆಫೆ, ಅದೇ ದೊಡ್ಡ ಅಕ್ಷರ.

ಸರಕಾರವೂ ಸುಮ್ಮನಿರಲಿಲ್ಲ ನೋಡಿ. ಕೆಫೆಗೆ ಬಂದವರೆಲ್ಲ ಗುರುತಿನ ಚೀಟಿ ತೋರಿಸಬೇಕೆಂದು ಪೊಲೀಸರ ಹುಕುಂ ಬಂತು. ಅವ್ವನ ಪದ ಒಯ್ದವರನ್ನು ಯಾರೂ ಚೀಟಿ ಕೇಳಲಿಲ್ಲ, ಪದ ಹೋಯಿತೆಂದು ದೂರು ಬರೆಯುವವನು ಚೀಟಿ ತೋರಿಸಬೇಕೇ ಎಂದು ಇವರು ಕೆಫೆಯವನ ಮೇಲೆ ಹಾರಾಡಿದರು. ಪಾಪ, ಅವನದೇನು ತಪ್ಪು? ಆಮೇಲೆ ಇವರೇ ತೋಳು ಇಳಿಸಿ, ಅವನಿಗೆ ಚಹಾ ಕುಡಿಸಿ, ಚೀಟಿ ತೋರಿಸಿ ಒಳಗೆ ಹೋದರು. ಇಲಾಖೆಗಳಿಗೂ ಬರೆದರು. ಒಂದು ಇಲಾಖೆ, ನಿಮ್ಮ ತಾಯಿ ಜನಪದ ಕಲಾವಿದೆ ಎಂದು ಪಂಚಾಯತಿಯಿಂದ ದೃಢೀಕರಣ ಪತ್ರ ತನ್ನಿ ಎಂದಿತು. ಪಂಚಾಯತಿಯವರು, ಅಂಥ ದೃಢೀಕರಣ ಪತ್ರ ಕೊಡಲು ಇಲಾಖೆಯ ಆದೇಶ ತನ್ನಿ ಎಂದರು. ಇನ್ನೊಂದು ಕಚೇರಿ ಕೋರ್ಟಿಗೆ ಹೋಗಿರೆಂದು ಉಪದೇಶ ಮಾಡಿ ಕೈ ತೊಳೆದುಕೊಂಡಿತು.

ಇದರ ನಡುವೆ ದೊಡ್ಡ ಕಂಪನಿಯ ವಕೀಲನಿಂದ ಮೇಲ್ ಬಂತು. ಇವರ ಕಾಟ ತಾಳದೆಯೋ ಏನೋ, ಒಂದು ದಾರಿ ತೋರಿಸಿದ್ದ. ಈ ಹಾಡು ನಾನೇ ಕಟ್ಟಿದ್ದು ಎಂದು ನಿಮ್ಮ ತಾಯಿ ಧ್ವನಿಮುದ್ರಿಸಿ ಕಳಿಸಿದರೆ ಆಕ್ಷೇಪ ಹಿಂತೆಗೆದುಕೊಳ್ಳುವುದನ್ನು ಪರಿಶೀಲಿಸುತ್ತೇವೆ ಎಂದಿದ್ದ. ಇವರಿಗೆ ಹಿಡಿಸಲಾರದಷ್ಟು ಹಿಗ್ಗು. ನನ್ನನ್ನೂ ಕರೆದುಕೊಂಡು ಹೊರಟರು. ಬಸ್ಸಿನುದ್ದಕ್ಕೂ ಟೇಪ್ ರೆಕಾರ್ಡರು ತೊಡೆಯ ಮೇಲೆ.

ಅವ್ವ ನಮಗೆ ರೊಟ್ಟಿ, ಪುಂಡಿಪಲ್ಯ ಬಡಿಸಿ, ಉಂಡಾದ ಮೇಲೆ ಗೋಡೆಗೊರಗಿ ಕೂತಳು. ಇವರು ಬಟನ್ ಒತ್ತಿ ಎದುರಿಗಿಟ್ಟರು. ಹೇಳಬೇಕಾದದ್ದು ಇಷ್ಟೇ: ಈ ಪದ ನಂದು. ಅವ್ವ ಬಾಯಿ ತೆರೆದಳು, ಮುಚ್ಚಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ತೆರೆದಳು. ಮಗನಿಗಾಗಿ ನಿಜವಾಗಿಯೂ ಹೇಳಬೇಕೆಂದಿದ್ದಳು, ನಾನು ಎದುರಿಗೇ ಇದ್ದೆ. ಬರಲಿಲ್ಲ.

"ಹಂಗ ಅಂದ್ರ ಗಂಗವ್ವನ್ನ ಮನಿಯಿಂದ ಹೊರಗ ಹಾಕಿದಂಗ ಆಕ್ಕತಿ" ಎಂದಳು. "ನಾ ಸುಳ್ಳ ಹ್ಯಾಂಗ ಹೇಳ್ಲಿ?"

"ಇದ ಖರೆ ಐತಿ ಬೇ!" ಇವರು ಕೂಗಿದರು. "ನೀ ಕಟ್ಟಿದ್ದು. ನನ್ನ ತೊಟ್ಟಿಲದ ಮುಂದ ಕುಂತು ಕಟ್ಟಿದ್ದು. ಊರ ಮಂದಿಗೆಲ್ಲ ಗೊತ್ತೈತಿ. ನೀ ಒಮ್ಮೆ ಹೇಳಬೇ, ಒಂದ ಸಲ."

ತೋಳು ಮೊಣಕೈ ದಾಟಿ ಭುಜಕ್ಕೇರಿತ್ತು. ಊರಿಗೆಲ್ಲ ಬೈದ ಮನುಷ್ಯ, ಅವ್ವನ ಮೇಲೆ ಮಾತ್ರ ಎಂದೂ ದನಿ ಎತ್ತಿರಲಿಲ್ಲವಂತೆ. ಯಾರಿಗಾಗಿ ಜಗತ್ತಿನ ಜೊತೆ ಜಗಳಕ್ಕೆ ಬಿದ್ದರೋ ಆಕೆಯ ಮೇಲೆಯೇ ಕೂಗಾಡಿಬಿಟ್ಟರು. ಅವ್ವ ತಲೆ ತಗ್ಗಿಸಿ ಕೂತಳು. ಇವರು ಟೇಪು ನಿಲ್ಲಿಸಿ ಹೊರಗೆ ಹೋಗಿ ಕಟ್ಟೆಯ ಮೇಲೆ ಬೆನ್ನು ಹಾಕಿ ಕೂತರು. ಆ ವಕೀಲ ಎಲ್ಲಿದ್ದಾನೋ ಯಾರೋ ನನಗೆ ಗೊತ್ತಿಲ್ಲ. ಎಲ್ಲಿದ್ದರೂ ಅವನ ಮನೆ ತಣ್ಣಗಿರಲಿ ಎಂದು ಹರಸುವಷ್ಟು ದೊಡ್ಡ ಮನಸ್ಸು ನನಗಿಲ್ಲ. ತಾಯಿ ಮಗನ ನಡುವೆ ಬೆಂಕಿ ಇಡಲು ಅವನಿಗೆ ಒಂದು ಮೇಲ್ ಸಾಕಾಯಿತು.

ಅದಾದ ಮೇಲೆ ಅವ್ವ ಆ ಪದ ಹಾಡುವುದನ್ನೇ ಬಿಟ್ಟಳು. ಮೊಮ್ಮಗಳ ಕೂಸಿನ ತೊಟ್ಟಿಲು ಶಾಸ್ತ್ರದಲ್ಲಿ ಎಲ್ಲರೂ ಅದನ್ನೇ ಹಾಡೆಂದರೆ, ಅದು ಈಗ ಕಂಪನಿಯವರದು, ನಾ ಹಾಡಿದರೆ ನನ್ನ ಮಗನಿಗೆ ತೊಂದರೆ ಎಂದಳಂತೆ. ಇದನ್ನು ನನಗೆ ಹೇಳುವಾಗ ಅವರು ಚಹಾದ ಕಪ್ಪನ್ನು ಕೈಯಲ್ಲಿ ಹಿಡಿದಂತೆಯೇ ಇದ್ದರು, ಕುಡಿಯಲಿಲ್ಲ. ಗುಂಪಿಗೂ ಬರೆದರು. ಇದೇ ಸಂದರ್ಭದಲ್ಲಿ ಮೇಲೆ ಹೇಳಿದ ಮಹಾಶಯ ಒಂದೇ ರಾಗ ಎಂದದ್ದು.

ನಿವೃತ್ತಿಗೆ ಇನ್ನೂ ಸಮಯವಿತ್ತು. ಒಂದು ಬೆಳಿಗ್ಗೆ ಕಾಲೇಜಿಗೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದಾಗ ಎದೆ ಹಿಡಿದುಕೊಂಡು ಕುಸಿದರು. ದೇಹವನ್ನು ಸುರೇಬಾನಕ್ಕೆ ಒಯ್ದರು. ನಾವು ಕೆಲವರು ಕಾಲೇಜಿನಿಂದ ಹೋದೆವು.

ಅಂಗಳದಲ್ಲಿ ಹೆಂಗಸರು ಸರದಿಯಂತೆ ಹಾಡಿ ಅಳುತ್ತಿದ್ದರು. ಅವ್ವ ಮಗನ ತಲೆಯ ಹತ್ತಿರ ಕೂತಿದ್ದಳು. ಆಮೇಲೆ ಅವರ ಬಲತೋಳಿನ ಅಂಗಿಯನ್ನು ಕೆಳಗಿಳಿಸಿ ಗುಂಡಿ ಹಾಕಿ, ಎಲ್ಲರ ಕಡೆ ನೋಡಿದಳು.

"ಇದು ನನ್ನ ಮಗನ ಪದ" ಎಂದಳು. "ತೊಟ್ಟಿಲದಾಗ ಇದ್ದಾಗ ಅಂವ ನನಗ ಕೊಟ್ಟದ್ದು."

ಗಂಗವ್ವನ ಹೆಸರು ಬರಲಿಲ್ಲ. ಹಾಡಿದಳು. ಅಳಬ್ಯಾಡ ನನ ಕಂದ, ಅಳುವೆಲ್ಲ ನನಗಿರಲಿ ಎಂದು ಅದರ ಮೊದಲ ನುಡಿ. ಜ್ವರದ ಕೂಸಿಗೆ ಕಟ್ಟಿದ್ದನ್ನು ನರೆತ ಮೀಸೆಯ ಮಗನಿಗೆ ಹಾಡಿದಳು. ನನ್ನ ಪಕ್ಕದಲ್ಲಿದ್ದ ನಮ್ಮ ಕಾಲೇಜಿನ ಗುಮಾಸ್ತರು ಮೊಬೈಲಿನಲ್ಲಿ ಹಿಡಿದುಕೊಂಡರು. ಹಿಡಿಯಿರೆಂದವಳು ಅವ್ವನ ಸೊಸೆ, ನಮ್ಮ ಸರ್ ಅವರ ಹೆಂಡತಿ, ಅವಳಿಗಾದರೂ ಅದು ಉಳಿಯಬೇಕಿತ್ತು.

ಸೊಸೆಯನ್ನೂ ಅವ್ವನನ್ನೂ ಕೇಳಿಯೇ ನಾನು ಅದನ್ನು ಜಾಲತಾಣಕ್ಕೆ ಹಾಕಿದೆ. ಬೇಕೆಂದೇ, ಸಿಟ್ಟಿನಿಂದಲೇ ಹಾಕಿದೆ. ಹಾಡಿನ ಹೆಸರು, ಅವ್ವನ ಹೆಸರು, ಮಗನ ಹೆಸರು, ಎಲ್ಲ ಬರೆದೆ. ಹದಿನೈದು ದಿನ ಇತ್ತು. ಆಮೇಲೆ ಅದರ ಜಾಗದಲ್ಲಿ ಕಪ್ಪು ಚೌಕ, ಕೆಳಗೆ ಇದರ ಹಕ್ಕು ಇಂಥ ಕಂಪನಿಯದೆಂಬ ಒಂದು ಸಾಲು. ಗುಂಪಿನಲ್ಲಿ ಹೇಳಿದೆ. ಶ್ರದ್ಧಾಂಜಲಿ ಬರೆದವರು ಆಗಲೇ ಬೇರೆ ವಿಷಯಕ್ಕೆ ಹೋಗಿದ್ದರು. ಒಬ್ಬರು ಮಾತ್ರ, ತಾಂತ್ರಿಕವಾಗಿ ಕಂಪನಿಯ ನಿಲುವು ಸರಿಯಿದೆ ಎಂದು ತಿಳಿಸಿದರು.

ಕಳೆದ ತಿಂಗಳು ಸುರೇಬಾನಕ್ಕೆ ಹೋಗಿದ್ದೆ. ಮಗನ ಪದ ಅಲ್ಲಿ ನಿಂತಿತೇ ಎಂದು ಅವ್ವನೇ ಕೇಳಿದಳು. ಸುಳ್ಳು ಹೇಳಬೇಕೆಂದುಕೊಂಡೆ, ಆ ಮುಖ ನೋಡಿ ಆಗಲಿಲ್ಲ. ತೆಗೆದುಹಾಕಿದರು, ಅದು ತಮ್ಮದೆನ್ನುತ್ತಾರೆ ಎಂದೆ. ಅವ್ವ ಅಂಗಳದ ಕಡೆ ತಿರುಗಿದಳು.

"ಪದ ಅವರದಂತ, ಆಗ್ಲಿ" ಎಂದಳು. "ಅವತ್ತ ನಾ ಅತ್ತದ್ದೂ ಅವರದೇನ್ರಿ ಅಕ್ಕೋರ?"

ಗುಂಪಿನಲ್ಲಿ ಬಹಳ ತಿಳಿದವರಿದ್ದಾರೆ, ಎರಡೂ ಪಾಳಯದಲ್ಲಿ. ರಾಮದುರ್ಗದಿಂದ ಸುರೇಬಾನಕ್ಕೆ ದಿನವಿಡೀ ಬಸ್ಸುಗಳಿವೆ. ಅವ್ವ ಮನೆಯಲ್ಲೇ ಇರುತ್ತಾಳೆ. ಬಂದು ಆಕೆಗೆ ಉತ್ತರ ಹೇಳಿ ಹೋಗಲಿ.